ಅರಿವೆ ಹಿಡಿದು ಮೂಲೆಯಲ್ಲಿ ನಿಂತವನು

ನೋಡಿದ್ದನ್ನೇ ನೋಡುವ ಚಟ ನನಗಿದೆ. ಮನೆಯವರು ಇದನ್ನು ರೋಗ ಎನ್ನುತ್ತಾರೆ, ನಾನು ಭಕ್ತಿ ಎನ್ನುತ್ತೇನೆ. ಟೀವಿಯಲ್ಲಿ ಹಿಂದಿಯಲ್ಲಿ ಬರುತ್ತಿದ್ದ ಆಕಾಶನೌಕೆಯ ಧಾರಾವಾಹಿಯೊಂದರ ಒಂದೇ ಒಂದು ಕಂತನ್ನು ಎಷ್ಟು ಸಲ ನೋಡಿದ್ದೇನೋ ನನಗೇ ಗೊತ್ತಿಲ್ಲ. ಮೊದಲ ಸಲ ನೋಡಿದ್ದು ನಮ್ಮ ಕಡೆಯ ಊರುಗಳನ್ನು ಕೆಡವಿದ ಭೂಕಂಪದ ನಂತರದ ದಿನಗಳಲ್ಲಿ, ಮನೆ ಕಳೆದುಕೊಂಡವರಿಗೆ ಹಾಕಿಕೊಟ್ಟ ತಗಡಿನ ಶೆಡ್ಡಿನಲ್ಲಿ, ಅಕ್ಕನ ಪಕ್ಕ ಕುಳಿತು. ಈಗ ಉಮರ್ಗಾದ ಹೆದ್ದಾರಿ ಬದಿಯ ನನ್ನ ಪಂಕ್ಚರ್ ಅಂಗಡಿಯಲ್ಲಿ, ಗಿರಾಕಿಗಳಿಲ್ಲದ ಮಧ್ಯಾಹ್ನ, ಫೋನಿನಲ್ಲೇ ಸಿಗುತ್ತದೆ.

ಕಥೆ ಇಷ್ಟೇ. ನೌಕೆಯ ಅಡುಗೆಯವನು ಬೇರೆ ಗ್ರಹದಿಂದ ಬಂದ, ಬೀಗರಂತೆ ಬಿಗಿದುಕೊಂಡು ಕುಳಿತ ಅತಿಥಿಯ ತೊಡೆಯ ಮೇಲೆ ಬಿಸಿ ಸಾರು ಚೆಲ್ಲುತ್ತಾನೆ. ನೌಕೆಯಲ್ಲಿ ಕಾಲದಲ್ಲಿ ಹಿಂದಕ್ಕೆ ಹೋಗುವ ಯಂತ್ರವೊಂದಿದೆ. ಅದನ್ನೇರಿ ಸ್ವಲ್ಪ ಹಿಂದಕ್ಕೆ ಹೋಗಿ, ತನ್ನನ್ನು ತಾನೇ ತಡೆಯಲು ಓಡುತ್ತಾನೆ. ಆ ಓಟದಲ್ಲಿ ಡಿಕ್ಕಿಯಾಗಿಯೇ ಸಾರು ಚೆಲ್ಲುತ್ತದೆ. ಅದನ್ನು ತಪ್ಪಿಸಲು ಇನ್ನೊಮ್ಮೆ ಹೋಗುತ್ತಾನೆ, ಮತ್ತೊಮ್ಮೆ ಹೋಗುತ್ತಾನೆ. ಕೊನೆಗೆ ಅಡುಗೆಮನೆ ತುಂಬ ಅವನೇ. 'ನೀನೇ ಮಾಡಿದ್ದು' ಎಂದು ಒಬ್ಬನ ಮೇಲೊಬ್ಬ ಹರಿಹಾಯುತ್ತಾರೆ. ಎಲ್ಲರೂ ಹೇಳುತ್ತಿರುವುದು ನಿಜವೇ.

ಇದನ್ನು ಬರೆದವರು ಎಲ್ಲಿದ್ದರೂ ಅವರಿಗೆ ನನ್ನದೊಂದು ಶರಣು. ನಮ್ಮ ಕಡೆ ಅಂಥ ಯಂತ್ರವನ್ನು ಮನಸ್ಸಿನಲ್ಲಿ ಓಡಿಸದವರು ಯಾರೂ ಇರಲಿಲ್ಲ. ಗಣಪತಿಯನ್ನು ನೀರಿಗೆ ಕಳಿಸಿಬಂದ, ನೆಲ ನಡುಗಿದ ಆ ರಾತ್ರಿ ಒಳಗೆ ಮಲಗದೆ ಅಂಗಳದಲ್ಲೇ ಮಲಗಿದ್ದರೆ, ಊರಿಗೆ ಹೋಗುತ್ತೇನೆಂದವರನ್ನು ತಡೆಯದೆ ಕಳಿಸಿಬಿಟ್ಟಿದ್ದರೆ ಎಂದು ಶೆಡ್ಡು ಶೆಡ್ಡಿನಲ್ಲೂ ಅದೇ ಮಾತು. ಅಂಥ ಜನರ ನಡುವೆ, ಹಿಂದಕ್ಕೆ ಹೋಗುವ ಕಥೆ ಹೇಳಿಯೇ ನಗಿಸುವುದು ಸಣ್ಣ ಕೆಲಸವಲ್ಲ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಕ್ಕಳು. ಭೂಕಂಪವಾದ ಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಭಕ್ತಿ ಶುರುವಾದದ್ದು ಅಲ್ಲಿಂದ.

ಇನ್ನು ನನ್ನ ದೋಷದ ಮಾತು. ನಾನು ಓದಿದ್ದು ಏಳನೆಯ ಇಯತ್ತೆಯ ತನಕ. ಅಕ್ಕ ಶಾಲೆಯ ಮುಖ ನೋಡಿದವಳಲ್ಲ, ಹಿಂದಿ ಬಾರದು. ಹಾಗಾಗಿ ಅವಳಿಗೆ ಅರ್ಥ ಹೇಳುವ ಪಂಡಿತ ನಾನು. ಹೇಳಿ ಹೇಳಿ ನೋಡುವುದನ್ನೇ ಮರೆತೆ.

ಹೋದ ವರ್ಷ ನಾಗರ ಪಂಚಮಿಗೆ ಅಕ್ಕ ನಿಲಂಗಾದಿಂದ ತವರಿಗೆ ಬಂದಿದ್ದಳು. ಓಣಿಯ ಹೆಂಗಸರೂ ಕೂಡಿದ್ದರು. ನಾನು ಅದೇ ಕಂತು ಹಚ್ಚಿ, ಮುಂದಾಗುವುದನ್ನೆಲ್ಲ ಮೊದಲೇ ಹೇಳುತ್ತಿದ್ದೆ. ನಡುವೆ ಅಕ್ಕ ಕೇಳಿದಳು: "ತಮ್ಮಾ, ಸಾರು ಇನ್ನಾ ಚೆಲ್ಲೇ ಇಲ್ಲ. ಹಿಂದ ಮೂಲ್ಯಾಗ ಇನ್ನೊಬ್ಬಾಂವ ಅರಿವಿ ಹಿಡ್ಕೊಂಡು ಯಾಕ ನಿಂತಾನ?"

ನಾನು ತಿರುಗಿಯೂ ನೋಡಲಿಲ್ಲ. "ಹಿಂದಿ ಅಂತೂ ತಿಳೀದಿಲ್ಲ ಅಕ್ಕಾ, ಈಗ ಕಣ್ಣೂ ಹೋದ್ವೇನು? ಸುಮ್ನ ಕೂಡು," ಎಂದೆ.

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಮರುದಿನ ಪಂಚಮಿಯ ಜೋಕಾಲಿ ಹತ್ತದೆಯೇ ಬಸ್ಸು ಹತ್ತಿದಳು.

ಪಂಚಮಿಗೆ ಅಣ್ಣತಮ್ಮಂದಿರು ಅಕ್ಕತಂಗಿಯರ ಮನೆಗೆ ಹೋಗಿ ಕರೆತರಬೇಕು, ಅದು ಪದ್ಧತಿ. ಈ ವರ್ಷ ಮುಖ ತೋರಿಸಲು ನಾಚಿಕೆಯಾಗಿ ಫೋನಿನಲ್ಲೇ ಕರೆದೆ. "ನೋಡೋಣು ತಮ್ಮಾ, ಸೋಯಾಬೀನಿಗೆ ಕಳೆ ತಗೀಲಿಕ್ಕೆ ಮಂದಿ ಹಚ್ಚೀವಿ," ಎಂದಳು. ಅಡುಗೆಮನೆಯಿಂದ ನನ್ನ ಹೆಂಡತಿಯ ದನಿ ಬಂತು: "ಫೋನಿನ್ಯಾಗ ಕರದ್ರ ಅಕ್ಕೋರು ಫೋನಿನ್ಯಾಗೇ ಬರ್ತಾರ್ರಿ. ಜೋಕಾಲಿ ಮ್ಯಾಲ ನಿಮ್ಮ ಫೋನ್ ಕೂಡಸ್ರಿ, ನಾ ತೂಗ್ತೀನಿ."

ಮಠದಲ್ಲಿ ಕೇಳಿದ ಪುರಾಣವೊಂದು ನೆನಪಾಯಿತು. ಮಗಳಿಗೆ ತಕ್ಕ ಗಂಡು ಯಾರೆಂದು ಕೇಳಲು ಬ್ರಹ್ಮನ ಬಳಿ ಹೋದ ರಾಜನೊಬ್ಬ, ಅಲ್ಲಿ ನಡೆದಿದ್ದ ಹಾಡು ಮುಗಿಯಲಿ ಎಂದು ಕಾದನಂತೆ. ಅಷ್ಟರಲ್ಲಿ ಕೆಳಗೆ ಯುಗಗಳೇ ಕಳೆದುಹೋದವು. ನಾನಂತೂ ಬ್ರಹ್ಮಲೋಕಕ್ಕೆ ಹೋದವನಲ್ಲ. ಅಂಗಡಿಯ ಸ್ಟೂಲಿನ ಮೇಲೆ ಕುಳಿತೇ ಒಂದು ವರ್ಷ ಕಳೆದಿದ್ದೆ.

ಆ ಮಧ್ಯಾಹ್ನ ಮತ್ತೆ ಅದೇ ಕಂತು ಹಚ್ಚಿದೆ. ಈ ಸಲ ಬಾಯಿ ಮುಚ್ಚಿಕೊಂಡು ನೋಡಿದೆ. ಮೊದಲ ದೃಶ್ಯ, ಅಡುಗೆಯವನ ಕೈಯಲ್ಲಿ ಪಾತ್ರೆ, ಸಾರು ಇನ್ನೂ ಚೆಲ್ಲಿಲ್ಲ. ಹಿಂದಿನ ಮೂಲೆಯಲ್ಲಿ, ನೆರಳಿನಲ್ಲಿ, ಅದೇ ಅಡುಗೆಯವನು ಅರಿವೆ ಹಿಡಿದು ನಿಂತಿದ್ದಾನೆ. ಜಗಳವಾಡಿ ಸಾಕಾಗಿ, ತಡೆಯುವ ಹಟ ಬಿಟ್ಟು, ಒರೆಸಲೆಂದೇ ಹಿಂದಕ್ಕೆ ಬಂದವನು. ಅವನ ಬಗ್ಗೆ ಯಾರೂ ಒಂದು ಮಾತು ಆಡುವುದಿಲ್ಲ. ಧಾರಾವಾಹಿ ಮಾಡಿದವರು ಅವನನ್ನು ಅಲ್ಲಿ ನಿಲ್ಲಿಸಿ, ಕಂಡವರು ಕಾಣಲಿ ಎಂದು ಸುಮ್ಮನಾಗಿದ್ದಾರೆ. ಎಂಥ ಧೈರ್ಯ ಅದು. ಅಕ್ಕ ಕಂಡಿದ್ದಳು.

ಶಟರ್ ಎಳೆದು ಉದಗೀರದ ಬಸ್ಸು ಹಿಡಿದು ನಿಲಂಗಾದಲ್ಲಿ ಇಳಿದೆ. ಅಕ್ಕ ಹೊಸ್ತಿಲಲ್ಲಿ ಶೇಂಗಾ ಒಡೆಯುತ್ತಿದ್ದಳು.

"ಅಕ್ಕಾ, ಅಂವಾ ಅದಾನ. ಮೂಲ್ಯಾಗ," ಎಂದೆ.

"ಯಾಂವಾ?"

"ಅರಿವಿ ಹಿಡ್ಕೊಂಡಾಂವ. ನೀ ಅಂದಿದ್ದಿ, ನಾ ನೋಡಿದ್ದಿಲ್ಲ."

"ಇದನ್ನ ಹೇಳ್ಲಿಕ್ಕೆ ಇಲ್ಲೀತನಕಾ ಬಂದಿ?"

"ಕರೀಲಿಕ್ಕೆ ಬಂದೀನಿ. ಅವತ್ತು ಮಂದಿ ಮುಂದ ಹಂಗ ಅಂದಿದ್ದು ತಪ್ಪಾತು."

ಅಕ್ಕ ಮಡಿಲಿನ ಸಿಪ್ಪೆ ಕೊಡವಿ ಎದ್ದಳು. "ಚಾ ಕುಡಿ ಮೊದ್ಲ. ಆಮ್ಯಾಲ ಬಸ್ಸಿಗೆ ಗದ್ದಲ ಆಗ್ತದ."

ಅವಳು ಒಳಗೆ ಹೋದಾಗ, ಈಚೆಗೆ ಕಲಿತ ವಿದ್ಯೆಯೆಂದು, ಮನೆಯ ಮೂಲೆಗಳತ್ತ ಕಣ್ಣು ಹಾಯಿಸಿದೆ. ಬಾಗಿಲ ಹಿಂದೆ ಅವಳು ಊರಿಗೆ ಹೋಗುವಾಗ ಒಯ್ಯುವ ಚೀಲ ತುಂಬಿ ನಿಂತಿತ್ತು. ಮೇಲೊಂದು ಅರಿವೆಯಲ್ಲಿ ಪಂಚಮಿಯ ಉಂಡಿಯ ಗಂಟು. ಅದನ್ನು ಯಾವಾಗ ಕಟ್ಟಿಟ್ಟಿದ್ದಳೋ. ಚಹಾ ಕುಡಿದು ಚೀಲ ಎತ್ತಿಕೊಂಡೆ.