ಹೊಸ್ತಿಲು ದಾಟದ ಹುಳಿಹಿಟ್ಟು

ನಿವೃತ್ತನಾದ ಗಂಡಸಿಗೆ ಮನೆಯಲ್ಲಿ ಒಂದು ಖಾತೆ ಕೊಡಲೇಬೇಕು, ಇಲ್ಲದಿದ್ದರೆ ಅವನು ಎಲ್ಲ ಖಾತೆಗಳಿಗೂ ಕೈ ಹಾಕುತ್ತಾನೆ. ಇದು ನನ್ನ ಹೆಂಡತಿಯ ರಾಜನೀತಿ. ವಿಮಾನ ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಮೂವತ್ತು ಚಿಲ್ಲರೆ ವರ್ಷ ಕೂದಲೆಳೆಯ ಲೆಕ್ಕದಲ್ಲಿ ಗೆರೆ ಎಳೆದು ಮನೆಗೆ ಬಂದ ನನಗೆ ಮೊದಲು ಸಿಕ್ಕಿದ್ದು ತೋಟದ ಖಾತೆ. ತೋಟವೆಂದರೆ ಬಾಲ್ಕನಿಯ ನಾಲ್ಕು ಕುಂಡ. ಮೂರೇ ತಿಂಗಳಲ್ಲಿ ಅವು ಬರೀ ಮಣ್ಣಿನ ಕುಂಡಗಳಾದವು. ಆಮೇಲೆ ಸಿಕ್ಕಿದ್ದು ಭಾನುವಾರದ ತಿಂಡಿ.

ಅದೂ ಮಗಳ ದೆಸೆಯಿಂದ. ಕಾಕ್ಸ್ ಟೌನಿನಲ್ಲಿರುವ ಅವಳು ಒಂದು ದಿನ ವಾಫಲ್ ಮಾಡುವ ಯಂತ್ರವನ್ನೂ ಒಂದು ಬಾಟಲಿ ಹುಳಿಹಿಟ್ಟನ್ನೂ ತಂದು ನಮ್ಮ ಅಡುಗೆಮನೆ ಕಟ್ಟೆಯ ಮೇಲಿಟ್ಟಳು.

"ನಂಗೆ ಸಾಕಾಗಿದೆಯಪ್ಪಾ. ದಿನಾ ಇದಕ್ಕೆ ಊಟ ಹಾಕ್ಬೇಕು, ಒಂದಿನ ಮರೆತ್ರೆ ಮುನಿಸ್ಕೊಳ್ಳತ್ತೆ. ಅಂಥೋರು ಮನೇಲಿ ಆಗ್ಲೇ ಇಬ್ರಿದಾರೆ," ಅಂದಳು. ಇಬ್ಬರೆಂದರೆ ನಮ್ಮ ಅಳಿಯ ಮತ್ತು ಏಳು ವರ್ಷದ ಮೊಮ್ಮಗಳು.

ನಾನು ದತ್ತು ತೆಗೆದುಕೊಂಡೆ. ದಿನಕ್ಕೊಮ್ಮೆ ಒಂದು ಚಮಚ ಮೈದಾ, ಒಂದು ಚಮಚ ನೀರು. ಸಂಜೆಯ ಹೊತ್ತಿಗೆ ಹಿಟ್ಟು ಗುಳ್ಳೆಯೆದ್ದು ಬಾಟಲಿಯ ಕುತ್ತಿಗೆ ಮುಟ್ಟಿದರೆ ಆರೋಗ್ಯವಾಗಿದೆ ಎಂದರ್ಥ. ಶನಿವಾರ ಸಂಜೆ ಅದಕ್ಕೆ ಇನ್ನಷ್ಟು ಮೈದಾ, ಮಜ್ಜಿಗೆ, ಚೂರು ಸಕ್ಕರೆ ಕಲಸಿ ಮುಚ್ಚಿಟ್ಟು, ಬೆಳಿಗ್ಗೆ ಮೊಟ್ಟೆ, ಕರಗಿಸಿದ ಬೆಣ್ಣೆ, ಉಪ್ಪು, ಚಿಟಿಕೆ ಸೋಡಾ ಹಾಕಿದರೆ ಮುಗಿಯಿತು. ಯಂತ್ರದ ಬಾಯಿಗೆ ಸುರಿದು ಮುಚ್ಚಬೇಕು. ಹಬೆ ಬರುವಷ್ಟು ಹೊತ್ತು ಕಾಯಬೇಕು, ಹಬೆ ನಿಂತರೆ ತೆಗೆಯಬೇಕು. ಚೌಕ ಚೌಕ ಗುಂಡಿ ಬಿದ್ದ, ಹೊರಗೆ ಗರಿಗರಿ, ಒಳಗೆ ಮೆತ್ತಗಿನ ಪದಾರ್ಥ ಬರುತ್ತದೆ. ಗುಂಡಿಗಳಿಗೆ ಜೋನಿ ಬೆಲ್ಲ ತುಂಬಿಸುವುದು ಮೊಮ್ಮಗಳ ಹಕ್ಕು. ಅಳಿಯ ಮಾತ್ರ ಅದೇ ಗುಂಡಿಗಳಿಗೆ ಕಾಯಿಚಟ್ನಿ ತುಂಬಿಸಿ ನನ್ನ ಮುಖ ನೋಡದೆ ತಿನ್ನುತ್ತಾನೆ.

"ಇದು ಉದ್ದು ಹಾಕದಿರೋ ದೋಸೆ ಅಲ್ವೇನ್ರೀ? ಇಸ್ತ್ರಿ ಮಾಡಿದೀರ ಅಷ್ಟೆ," ಅಂದಿದ್ದಳು ಹೆಂಡತಿ, ಮೊದಲ ಸಲ ತಿಂದು. ಆದರೆ ಎರಡನೇ ವಾರವೇ ಕರಾರು ಮುಂದಿಟ್ಟಳು. ಇನ್ನು ಮೇಲೆ ಭಾನುವಾರ ಬೆಳಿಗ್ಗೆ ಅವಳು ಅಡುಗೆಮನೆಗೆ ಕಾಲಿಡುವುದಿಲ್ಲ. ಆರಕ್ಕೇ ಹೊರಟು, ಕೆಳಗಿನ ಮನೆಯ ಸೊಸೆಯ ಜೊತೆ ಹಲಸೂರು ಕೆರೆಯ ಸುತ್ತ ನಡೆದು, ಹೋಟೆಲಿನಲ್ಲಿ ಕಾಫಿ ಕುಡಿದು, ಒಂಬತ್ತಕ್ಕೆ ಬರುತ್ತಾಳೆ. ಎಂಟೂವರೆಗೆ, ಪ್ರತಿ ಭಾನುವಾರ ಬರುವ ಮಗಳ ಸಂಸಾರದ ತಟ್ಟೆಗಳಲ್ಲಿ ತಿಂಡಿ ಇರಬೇಕು. ಒಂದು ವಾರ ತಪ್ಪಿದರೂ ಖಾತೆ ವಾಪಸು.

ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ಅವಳಿಗೆ ಮೊದಲ ಬಾರಿ ಸಿಕ್ಕ ವಾರದ ರಜೆ ಅದು. ಆಗ ಇದು ನನಗೆ ಹೊಳೆಯಲಿಲ್ಲ. ಪಣಕ್ಕಿಟ್ಟದ್ದು ನನ್ನ ಮರ್ಯಾದೆ ಎಂದೇ ತಿಳಿದು, ಸುಮಾರು ಒಂದು ವರ್ಷ ಗಾಂಭೀರ್ಯದಿಂದ ವಾಫಲ್ ಸುಟ್ಟೆ.

ಈಗ ಕೆಳಗಿನ ಮನೆಯ ವಿಷಯ. ಜೀವನ್ ಬಿಮಾ ನಗರದ ಅಂಚಿನ ನಮ್ಮ ಬಾಡಿಗೆ ಮನೆ ನಿಂತಿರುವುದು ಹಿಂದೊಮ್ಮೆ ರಾಗಿ ಹೊಲವಾಗಿದ್ದ ಜಾಗದಲ್ಲಿ. ಹೊಲದ ಯಜಮಾನತಿ ಈಗ ಮನೆಯ ಯಜಮಾನತಿ. ಸೊಸೆಯೊಂದಿಗೆ ಕೆಳಗಿನ ಮನೆಯಲ್ಲಿರುವ, ಎಂಬತ್ತರ ಹತ್ತಿರದ ಅವರನ್ನು ಬೀದಿಯೆಲ್ಲ ದೊಡ್ಡಮ್ಮ ಅನ್ನುತ್ತದೆ. ಒಂದು ದಿನ ವಾಫಲ್ ರುಚಿ ನೋಡಿದ ದೊಡ್ಡಮ್ಮ, ನನಗೂ ಸ್ವಲ್ಪ ಹಿಟ್ಟು ಕೊಡು ಅಂದರು. ಬಟ್ಟಲಲ್ಲಿ ಕೊಟ್ಟೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆ ಇರುತ್ತಿರಲಿಲ್ಲ.

"ಇದು ಮೊಸರಿನ ಹೆಪ್ಪಿದ್ದಂಗಾ?" ಅಂತ ಕೇಳಿದರು.

"ಹೆಪ್ಪೇ, ದೊಡ್ಡಮ್ಮ. ಹೆಪ್ಪಿಗೆ ಏನೇನು ಮಡಿ, ಮರ್ಯಾದೆ, ಕಟ್ಟುಪಾಡು ಇದೆಯೋ ಅಷ್ಟೂ ಇದಕ್ಕೂ ಸಲ್ಲಬೇಕು. ಒಂದು ಕೂದಲೆಳೆಯೂ ಕಮ್ಮಿ ಆಗಬಾರದು," ಎಂದು ಪ್ರವಚನ ಕೊಟ್ಟೆ. ಅವರು ಬಟ್ಟಲನ್ನು ಕಣ್ಣಿಗೊತ್ತಿಕೊಂಡು ಒಳಗೆ ಹೋದರು. ಶಿಷ್ಯರು ಸಿಕ್ಕರೆ ಇಂಥವರು ಸಿಗಬೇಕು ಎಂದುಕೊಂಡು ಮೆಟ್ಟಿಲು ಹತ್ತಿದೆ.

ಕಳೆದ ಡಿಸೆಂಬರಿನ ಒಂದು ಶನಿವಾರ ಚಳಿಗೆ ಹಿಟ್ಟು ಏಳಲೇ ಇಲ್ಲ. ಮಧ್ಯಾಹ್ನ ಮೂರಾದರೂ ಬಾಟಲಿಯ ತಳದಲ್ಲಿ ಮುದುಡಿ ಕೂತಿತ್ತು. ಇಂಥ ಚಳಿಯಲ್ಲಿ ನಮ್ಮಮ್ಮ ಇಡ್ಲಿ ಹಿಟ್ಟಿನ ಪಾತ್ರೆಯನ್ನು ಬಿಸಿನೀರಿನಲ್ಲಿ ಇಡುತ್ತಿದ್ದಳು. ನಾನೂ ಇಟ್ಟೆ. ಅಮ್ಮ ಮೊದಲು ಮುಂಗೈ ಅದ್ದಿ ನೀರು ನೋಡುತ್ತಿದ್ದುದು ನನ್ನ ನೆನಪಿನ ನಕ್ಷೆಯಲ್ಲಿ ಬಿಟ್ಟುಹೋಗಿತ್ತು. ನೀರು ಒಲೆಯಿಂದ ಆಗತಾನೆ ಇಳಿದದ್ದು. ಬಾಟಲಿಯನ್ನು ಕಂಠಮಟ್ಟ ಮುಳುಗಿಸಿ, ಒಂದು ನಿದ್ದೆ ತೆಗೆದು, ದೀಪ ಹಚ್ಚುವ ಹೊತ್ತಿಗೆ ಬಂದು ನೋಡಿದರೆ ಹಿಟ್ಟು ಬೆಂದು ಗೋಂದಾಗಿತ್ತು. ಗೋಡೆಗೆ ಪೋಸ್ಟರ್ ಅಂಟಿಸಲು ಬಹಳ ಯೋಗ್ಯವಾದ ಗೋಂದು.

ಹೆಂಡತಿ ಹನುಮಂತನ ಗುಡಿಗೆ ಹೋಗಿದ್ದಳು. ಬೇಕರಿಯಿಂದ ಈಸ್ಟ್ ತರಬಹುದಿತ್ತು. ಆದರೆ ಈಸ್ಟಿನ ವಿರುದ್ಧ ವರ್ಷವಿಡೀ ಭಾಷಣ ಮಾಡಿದವನು ಯಾವ ಮುಖ ಹೊತ್ತು ಹೋಗುವುದು? ನನಗೆ ಬರುವ ಬೇರೆ ತಿಂಡಿಯೂ ಇಲ್ಲ. ಬಟ್ಟಲು ಹಿಡಿದು ಕೆಳಗಿಳಿದೆ.

ದೊಡ್ಡಮ್ಮ ದೇವರ ಮುಂದೆ ಬತ್ತಿ ಸರಿಮಾಡುತ್ತಿದ್ದರು. ಸೊಸೆ ನೆಲದಲ್ಲಿ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು.

"ದೊಡ್ಡಮ್ಮ, ಒಂಚೂರು ಹುಳಿಹಿಟ್ಟು ಬೇಕಿತ್ತು."

"ದೀಪ ಹಚ್ಚಾಯ್ತಲ್ಲಪ್ಪ."

"ಅದಕ್ಕೇನು?"

"ದೀಪ ಹಚ್ಚಿದ ಮ್ಯಾಲೆ ಹೆಪ್ಪು ಹೊಸ್ತಿಲು ದಾಟಬಾರದು. ಲಕ್ಷ್ಮಿ ಜೊತೇಗೆ ಎದ್ದು ಹೋಯ್ತಾಳೆ. ಬೆಳಿಗ್ಗೆ ಬಾ."

"ಇದು ಹೆಪ್ಪಲ್ಲ, ಬರೀ ಹಿಟ್ಟು," ಅಂದೆ.

ದೊಡ್ಡಮ್ಮ ನನ್ನನ್ನು ಸಾವಕಾಶವಾಗಿ ನೋಡಿದರು. "ನೀನೇ ಹೇಳಿದ್ದಲ್ವಾ, ಹೆಪ್ಪೇ ಅಂತ? ಒಂದು ಕೂದಲೆಳೆ ಕಮ್ಮಿ ಆಗಬಾರದು ಅಂದೆ. ಓದಿದೋನು, ನೀನೇ ಮಾತು ತಿರುಗಿಸಿದ್ರೆ ಹೆಂಗೆ?"

ಅವರೆಕಾಳು ಹಿಸುಕುತ್ತಿದ್ದ ಸೊಸೆ ಕೆಮ್ಮಿದರು. ಆ ಕೆಮ್ಮಿನಲ್ಲಿ ಕಫವೇನೂ ಇರಲಿಲ್ಲ.

ನಾನು ಸತ್ಯ ಹೇಳಿದೆ: ಬಿಸಿನೀರಿನಲ್ಲಿಟ್ಟು ನನ್ನ ಹಿಟ್ಟು ಬೆಂದುಹೋಗಿದೆ, ರಾತ್ರಿಯೇ ಕಲಸದಿದ್ದರೆ ನಾಳೆ ತಿಂಡಿಯಿಲ್ಲ, ತಿಂಡಿಯಿಲ್ಲದಿದ್ದರೆ ನನ್ನ ಖಾತೆಯಿಲ್ಲ, ನನ್ನ ಹೆಂಡತಿಗೆ ಭಾನುವಾರವೂ ಇಲ್ಲ. ಕೊನೆಯ ಮಾತು ನನ್ನ ಬಾಯಿಂದಲೇ ಬಂದಾಗ ನನಗೇ ಒಂದು ಕ್ಷಣ ಏನೋ ತಟ್ಟಿತು. ಸೊಸೆಯ ಕೈ ಅವರೆಕಾಳಿನ ಮೇಲೆ ನಿಂತಿತು.

ದೊಡ್ಡಮ್ಮ ಯೋಚಿಸಿದರು. "ಹೆಪ್ಪು ಆಚೆ ಹೋಗಬಾರದು ಅಷ್ಟೆ. ನಿನ್ನ ಮೈದಾ ಒಳಗೆ ಬರಬಾರದು ಅಂತ ಯಾರೂ ಹೇಳಿಲ್ಲವಲ್ಲ. ತಗಂಬಾ."

ಹೀಗೆ ಮೈದಾ, ಮಜ್ಜಿಗೆ, ಸಕ್ಕರೆ ಹೊತ್ತು ಕೆಳಗಿಳಿದು, ದೊಡ್ಡಮ್ಮನ ಅಡುಗೆಮನೆಯಲ್ಲಿ ಕೂತು ಕಲಸಿದೆ. ನಾನು ಕೊಟ್ಟ ಬೆಳ್ಳನೆಯ ಹಿಟ್ಟು ಕಂದು ಬಣ್ಣಕ್ಕೆ ತಿರುಗಿತ್ತು. "ಮೈದಾ ತಿಂದು ತಿಂದು ಸೊರಗಿತ್ತು. ರಾಗಿ ಹಾಕ್ದೆ. ಈಗ ನೋಡು ಹೆಂಗೈತೆ," ಅಂದರು. ಉಬ್ಬಿ ಪಾತ್ರೆಯ ಮುಚ್ಚಳವನ್ನೇ ಎತ್ತಿತ್ತು. ಕಲಸಿದ್ದನ್ನು ಬೆಳಗಿನವರೆಗೆ ಅಲ್ಲೇ ಮುಚ್ಚಿಟ್ಟು, ಈ ವಿಷಯ ಮೇಲೆ ಗೊತ್ತಾಗಬಾರದು ಎಂದು ಇಬ್ಬರನ್ನೂ ಬೇಡಿಕೊಂಡೆ. ದೊಡ್ಡಮ್ಮ ಆಣೆಯಿಟ್ಟರು. ಸೊಸೆ ಏನೂ ಅನ್ನಲಿಲ್ಲ. ಮೌನವನ್ನು ಸಮ್ಮತಿ ಎಂದು ಓದಿಕೊಂಡದ್ದು ನನ್ನ ಆ ದಿನದ ಎರಡನೇ ತಪ್ಪು.

ಭಾನುವಾರ ಆರಕ್ಕೆ ಹೆಂಡತಿಯೂ ಸೊಸೆಯೂ ಕೆರೆಗೆ ಹೊರಟರು. ಆರೂವರೆಗೆ ನಾನು ಕೆಳಗಿನ ಮನೆಯ ಬಾಗಿಲಲ್ಲಿದ್ದೆ.

"ಬಿಸಿಲು ಬೀಳಲಿ, ಆಮ್ಯಾಲೆ ಹೊಸ್ತಿಲು ದಾಟಲಿ," ಅಂದರು ದೊಡ್ಡಮ್ಮ, ಅಂಗಳದ ತುಳಸಿಯತ್ತ ಕೈ ತೋರಿಸಿ.

ಎದುರಿಗೆ ಐದಂತಸ್ತಿನ ಕಟ್ಟಡ. ಅದನ್ನು ದಾಟಿ ಸೂರ್ಯ ನಮ್ಮ ತುಳಸಿಯವರೆಗೆ ಬರಬೇಕಾದರೆ ಎಂಟೂಕಾಲು. ಮೆಟ್ಟಿಲ ಮೇಲೆ ಕೂತೆ. ಏಳಾಯಿತು. ಏಳೂಕಾಲಾಯಿತು. ನೆರಳು ಸರ್ಕಾರಿ ಕಡತದಂತೆ ಇದ್ದಲ್ಲೇ ಇತ್ತು.

"ದೊಡ್ಡಮ್ಮ, ಮೊದಲೂ ಇಷ್ಟು ಹೊತ್ತಾಗ್ತಿತ್ತಾ ಬಿಸಿಲು ಬರೋಕೆ?"

"ಎಲ್ಲಿ? ಆವಾಗ ಅದೂ ಹೊಲವೇ. ಈ ಹೊತ್ತಿಗೆ ಬೆನ್ನು ಸುಡೋದು."

"ಆ ಜಾಗ ಯಾರ್ದು?"

"ನಮ್ದೇ. ನಮ್ಮೋರೇ ಮಾರಿದ್ದು." ಅವರು ಕಟ್ಟಡವನ್ನು ತಲೆಯೆತ್ತಿ ನೋಡಿ, ಎದ್ದರು. "ನಾವು ಮಾರ್ಕೊಂಡ ಬಿಸಿಲಿಗೆ ನೀನ್ಯಾಕಪ್ಪ ಕಾಯ್ಬೇಕು. ತಗಂಡೋಗು."

ಎಂಟಕ್ಕೆ ಮಗಳ ಸಂಸಾರ ಬಂತು. ಎಂಟು ಇಪ್ಪತ್ತಕ್ಕೆ ಮೊದಲ ವಾಫಲ್ ತಟ್ಟೆಗೆ ಬಿತ್ತು. ಮೊಮ್ಮಗಳು ಬೆಲ್ಲದ ಚಮಚ ಹಿಡಿದು ಅದನ್ನು ಪರೀಕ್ಷಿಸಿದಳು.

"ತಾತ, ಸೀದೋಗಿದೆ."

"ಸೀದಿಲ್ಲ ಪುಟ್ಟಿ, ಅದರ ಬಣ್ಣವೇ ಹಾಗೆ."

"ಹೋದ ವಾರ ಬೇರೆ ಬಣ್ಣ ಇತ್ತು."

ಸಾಕ್ಷ್ಯ ಗಟ್ಟಿಯಾಗಿತ್ತು. ಪುಣ್ಯಕ್ಕೆ ಅಳಿಯ ಚಟ್ನಿ ಬಡಿಸಿಕೊಂಡು ತಿಂದು, ಇದು ಚಟ್ನಿಗೆ ಇನ್ನೂ ಚೆನ್ನಾಗಿ ಹೊಂದುತ್ತೆ ಮಾವ, ಅಂದ. ವರ್ಷದಲ್ಲಿ ಮೊದಲ ಬಾರಿ ನನ್ನ ಮುಖ ನೋಡಿ ತಿಂದ.

ಹೆಂಡತಿ ಬಂದದ್ದು ಒಂಬತ್ತಕ್ಕಲ್ಲ, ಒಂಬತ್ತೂವರೆಗೆ. ಕೈತೊಳೆದು ಕೂತು, ಒಂದು ತುಂಡು ಮುರಿದು ಬಾಯಿಗಿಟ್ಟು, "ರಾಗಿ ಚೆನ್ನಾಗಿದೆ," ಅಂದಳು. ನಾನು ರಾಗಿಯ ಗುಣಗಾನ ಶುರುಮಾಡಿದೆ. "ಸುಮ್ನೆ ಕಷ್ಟಪಡ್ಬೇಡಿ. ಬಿಸಿನೀರಿನ ಕಥೆ ಕೆರೆಯ ಮೊದಲನೇ ಸುತ್ತಲ್ಲೇ ಗೊತ್ತಾಯ್ತು."

"ಗೊತ್ತಿದ್ದೂ ಮನೆಗೆ ಬರಲಿಲ್ವಾ?"

"ಬಂದಿದ್ರೆ ಉಪ್ಪಿಟ್ಟಿಗೆ ರವೆ ಹುರೀಬೇಕಾಗ್ತಿತ್ತು. ಅದಕ್ಕೇ ಇನ್ನೊಂದು ಕಾಫಿ ಹೇಳಿದ್ವಿ."

ಸೋಮವಾರ ಹಾಡುಹಗಲಲ್ಲಿ ದೊಡ್ಡಮ್ಮನ ಮನೆಯಿಂದ ಹುಳಿಹಿಟ್ಟು ಮರ್ಯಾದೆಯಾಗಿ ಹೊಸ್ತಿಲು ದಾಟಿ ಮೇಲೆ ಬಂತು. ಮುಂದಿನ ಶನಿವಾರವೂ ಚಳಿ ಬಿಡಲಿಲ್ಲ. ನಾನು ಬಿಸಿನೀರಿನ ಪಾತ್ರೆ ಕಟ್ಟೆಯ ಮೇಲಿಟ್ಟು ಬಾಟಲಿ ಕೈಗೆತ್ತಿಕೊಂಡಿದ್ದೆ. ಇಡೀ ವರ್ಷ ನನ್ನ ಖಾತೆಯತ್ತ ಇಣುಕಿಯೂ ನೋಡದ ಹೆಂಡತಿ ಹಾಲ್‌ನಿಂದ ಎದ್ದು ಬಂದು, ನನ್ನನ್ನು ಮೊಣಕೈಯಿಂದ ಸರಿಸಿ, ನೀರಿಗೆ ಮುಂಗೈ ಅದ್ದಿದಳು. ಒಂದು ಲೋಟ ತಣ್ಣೀರು ಬೆರೆಸಿ ಮತ್ತೆ ಅದ್ದಿದಳು.

"ಹ್ಞೂಂ, ಈಗ ಇಡಿ," ಅಂದು, ನಾಳೆಗೆ ವಾಕಿಂಗ್ ಷೂ ಹುಡುಕಲು ಹೋದಳು.