ಮಲಗಿದ ಗೆರೆ

y = x ಅನ್ನುವ ಗೆರೆ ಹೇಗಿರುತ್ತದೆ? ಸರಿಯಾಗಿ ನಲವತ್ತೈದು ಡಿಗ್ರಿ ಓರೆಯಾಗಿ. ಶಾಲೆಯ ದಿನಗಳಿಂದ ನಾನು ನಂಬಿಕೊಂಡು ಬಂದ ಸತ್ಯ ಇದು. ಕಳೆದ ವಾರ ವಾಕಡ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ, ಕಂಪ್ಯೂಟರ್ ಪರದೆಯ ಮೇಲೆ, ಅದೇ ಗೆರೆ ಆರಾಮಾಗಿ ಮಲಗಿಬಿಟ್ಟಿತ್ತು!

ಮಗಳು ಶಾಲ್ಮಲಿ ಏಳನೇ ಕ್ಲಾಸು. ಗಣಿತದ ಸರ್, ಗ್ರಾಫ್ ಬಿಡಿಸುವ ಸಾಫ್ಟ್‌ವೇರ್ ಒಂದನ್ನು ಮಕ್ಕಳಿಗೆಲ್ಲ ಸಿ.ಡಿ.ಯಲ್ಲಿ ಹಾಕಿ ಕೊಟ್ಟಿದ್ದರು. ಪುಕ್ಕಟೆ. (ವಿಜಾಪುರದ ಬಟ್ಟೆ ಅಂಗಡಿಯವರ ಮನೆತನ ನಮ್ಮದು. ಪುಕ್ಕಟೆ ಅಂದರೆ ಮೊದಲು ಹಿಂದೆ ಮುಂದೆ ತಿರುಗಿಸಿ ನೋಡುತ್ತೇವೆ.) ಸರ್ ಅದರಲ್ಲಿ ಬಿಡಿಸಿಟ್ಟಿದ್ದ ಈ ಗೆರೆ ಯಾಕೆ ಮಲಗಿದೆ ಅಂತ ಮರುದಿನ ಶಾಲೆಯ ಲ್ಯಾಬಿನಲ್ಲಿ ಎಲ್ಲರ ಮುಂದೆ ಇವಳು ವಿವರಿಸಬೇಕಿತ್ತು. ಸರ್ ಇವಳ ಹೆಸರು ಕರೆದದ್ದು ಇದೇ ಮೊದಲು. ಹುಡುಗಿ ಖುಷಿಯಿಂದ ಕುಣಿಯುತ್ತಿದ್ದಳು.

"ಸಾಫ್ಟ್‌ವೇರೇ ತಪ್ಪದ," ಎಂದೆ. "ಪುಕ್ಕಟೆದ್ದು ಮತ್ತ ಹೆಂಗಿರ್ತದ?"

"ಇಲ್ರೀ ಅಪ್ಪಾ, ಅಂಕಿ ನೋಡ್ರಿ. ಅಡ್ಡ ಗೆರಿ ಮ್ಯಾಲೆ ಹತ್ತು ಇರೋವಷ್ಟ ಜಾಗಾದಾಗ ನಿಂತ ಗೆರಿ ಮ್ಯಾಲೆ ನಲವತ್ತದ..."

"ನಲವತ್ತೂ ಇಲ್ಲ, ಗಿಲವತ್ತೂ ಇಲ್ಲ!"

ಗ್ರಾಫ್ ಹಾಳೆ ತಂದೆ. ಪೆನ್ಸಿಲ್ ಚೂಪು ಮಾಡಿದೆ. ಸ್ಕೇಲ್ ಇಟ್ಟು ಎಳೆದೆ. ಓರೆಯಾಗಿ, ಠಾಕುಠೀಕಾಗಿ ಬಂತು. "ನೋಡು, ಹಿಂಗಿರಬೇಕು. ನಾಳೆ ಇದನ್ನ ತೋರಿಸು. ಸಾಫ್ಟ್‌ವೇರ್ ತಪ್ಪದ ಅಂತ ಹೇಳು."

ಮರುದಿನ ಸಂಜೆ ಬಂದವಳು ಬ್ಯಾಗು ಒಗೆದು ಕೂತಳು. ಮುಖ ಊದಿತ್ತು. "ಹೇಳಿದೆ. ಎಲ್ಲಾರೂ ನಕ್ಕರು," ಎಂದಳು. ಸರ್ ಬಂದು ಎರಡೂ ಕಡೆ ಅಂಕಿಗಳ ಅಂತರ ಸಮ ಮಾಡಿದರಂತೆ. ಗೆರೆ ತಾನಾಗಿಯೇ ಎದ್ದು ನಿಂತಿತಂತೆ.

ನಾನೂ ಮಾಡಿ ನೋಡಿದೆ. ಸಮ ಮಾಡಿದರೆ ಏಳುತ್ತದೆ, ಬದಲಿಸಿದರೆ ಮಲಗುತ್ತದೆ. ಅಯ್ಯೋ ದೇವರೇ, ಇದರಲ್ಲಿ ನಿಜವಾದ ಗೆರೆ ಯಾವುದು? ಇಷ್ಟು ವರ್ಷ ನಾನು ನಂಬಿದ ನಲವತ್ತೈದು ಡಿಗ್ರಿ ಬರೀ ಗ್ರಾಫ್ ಹಾಳೆಯ ಚೌಕಗಳ ಪುಣ್ಯವೇ? ಆಫೀಸಿನಲ್ಲಿ ಮೇಲೇರುವ ಗೆರೆ ತೋರಿಸಿದಾಗೆಲ್ಲ ಚಪ್ಪಾಳೆ ತಟ್ಟಿದ್ದೇನೆ. ಪಕ್ಕದ ಅಂಕಿ ಯಾವತ್ತಾದರೂ ನೋಡಿದ್ದೇನೆಯೇ? ನೀವು ನೋಡಿದ್ದೀರಾ?

ಆದರೆ ಇನ್ನೊಂದು ಮಾತು ತಿಳಿಯದೆ ಮಗಳನ್ನೇ ಕೇಳಿದೆ. "ನಿನಗ ಸರಿ ಉತ್ತರ ಗೊತ್ತಿತ್ತಲ್ಲ. ಮತ್ತ್ಯಾಕ ನಾ ಹೇಳಿದ್ದು ಹೇಳಿದಿ?"

"ನೀವು ಭಾಳ ಜೋರಾಗಿ ಹೇಳಿದ್ರಿ, ಅದಕ್ಕ."

ಜೋರಾಗಿ ಹೇಳಿದ್ದೇ ಸರಿ ಅಂತ ಇವಳಿಗೆ ಪುಕ್ಕಟೆಯಾಗಿ ಕಲಿಸಿದವರು ಯಾರು?