ಆಯಿಗೆ ಕೇಳುವ ಹಾಗೆ

ನಮ್ಮ ಮನೆಯಲ್ಲಿ ಕಿವಿಗೆ ಬಿದ್ದದ್ದು ಮಾತ್ರ ಓದು. ಅಪ್ಪನ ತಾಯಿ, ನಮಗೆಲ್ಲ ಆಯಿ, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಸಂಜೆ ದೀಪ ಹಚ್ಚಿ ಹೊಸ್ತಿಲ ಬಳಿ ಕೂತು ನನ್ನ ದನಿಗೆ ಕಾವಲಿರುತ್ತಿದ್ದಳು. ಗಳಿಗೆ ಹೊತ್ತು ಬಾಯಿ ಮುಚ್ಚಿದರೆ, ನಿದ್ದೆ ಬಂತೇನು ಎಂದು ಕೇಳುವಳು. ಬಾಯಿ ಬಿಡದೆ ಓದುವುದೆಂದರೆ ಅವಳ ಪ್ರಕಾರ ಬರೀ ಸೋಗು. ಆದರೆ ನಾನು ದ್ವಿತೀಯ ಪಿಯುಸಿಯಲ್ಲಿದ್ದೆ, ಗಣಿತ ಕಬ್ಬಿಣದ ಕಡಲೆಯಾಗಿತ್ತು. ಲೆಕ್ಕವನ್ನು ಯಾರಾದರೂ ಕೂಗಿ ಮಾಡುತ್ತಾರೆಯೇ?

ಕೊನೆಗೆ ಕನ್ನಡದ ಪಾಠವೊಂದನ್ನು ಗಟ್ಟಿಯಾಗಿ ಓದಿ ಅವ್ವನ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆ. ಅದನ್ನು ಹಚ್ಚಿ ಕಿಟಕಿಯಲ್ಲಿಟ್ಟು ನಾನು ಸದ್ದಿಲ್ಲದೆ ಲೆಕ್ಕ ಬಿಡಿಸತೊಡಗಿದೆ. ಒಂದೇ ಕಲ್ಲಿಗೆ ಎರಡು ಹಕ್ಕಿ ಹೊಡೆದೆನೆಂದು ಬೀಗಿದೆ. ಸಮಯ ಉಳಿಸುವ ರುಚಿಯೂ ಹತ್ತಿತು. ಸಿರಸಂಗಿಯಿಂದ ಸವದತ್ತಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವ ಹೊತ್ತು ದಂಡವೆನಿಸಿ, ಗೆಳತಿಯ ಜೊತೆ ಅಲ್ಲೇ ರೂಮು ಹಿಡಿದೆ.

ಆಗಲೇ ಆಯಿಗೆ ಮರೆವು ಶುರುವಾಗಿತ್ತು. ಒಲೆಯ ಮೇಲಿನ ಹಾಲು ಮರೆಯುವಳು, ನೆರೆಯವರ ಹೆಸರಿಗೆ ತಡಕಾಡುವಳು. ಒಂದು ದಿನ ನನ್ನನ್ನೂ ಮರೆತಾಳೆಂದು ನನಗೆ ಭಯವಿತ್ತು. ಆದರೂ ಪರೀಕ್ಷೆಯೊಂದು ಮುಗಿಯಲಿ, ಆಮೇಲೆ ದಿನವೆಲ್ಲ ಅವಳ ಪಕ್ಕದಲ್ಲೇ ಇರುತ್ತೇನೆ ಅಂದುಕೊಂಡಿದ್ದೆ.

ನಾನಿಲ್ಲದ ಸಂಜೆಗಳಲ್ಲಿ ಅವಳು ನನ್ನನ್ನು ಹುಡುಕಿಕೊಂಡು ಓಣಿಗೆ ಇಳಿಯುತ್ತಿದ್ದಳಂತೆ. ಅವ್ವ ಮೊಬೈಲಿನಲ್ಲಿ ಆ ಪಾಠವನ್ನೇ ಹಚ್ಚಿದ ಮೇಲೆ ಸಮಾಧಾನವಾಯಿತಂತೆ. ಅವ್ವ ಫೋನಿನಲ್ಲಿ ಇದನ್ನು ಹೇಳಿದಾಗ ನಕ್ಕುಬಿಟ್ಟೆ. ಮನಸ್ಸಿಗೆ ನಿರಾಳವೂ ಆಯಿತು.

ಪರೀಕ್ಷೆಗೆ ಮುಂಚಿನ ಭಾನುವಾರ ಬಸ್ಸಿಳಿದು ಓಣಿಗೆ ತಿರುಗಿದರೆ, ಮನೆಯೊಳಗಿಂದ ನನ್ನದೇ ದನಿ ಬರುತ್ತಿತ್ತು. ಎಲ್ಲಿ ಉಸಿರು ಎಳೆದುಕೊಂಡಿದ್ದೆ, ಎಲ್ಲಿ ತೊದಲಿದ್ದೆ, ಎಲ್ಲವೂ ಹಾಗೇ ಇತ್ತು. ಸತ್ತವರು ತಮ್ಮ ಮನೆಗೆ ಮರಳಿದರೆ ಹೀಗೇ ಹೊರಗೆ ನಿಂತು ಕೇಳುತ್ತಾರೇನೋ ಅನ್ನಿಸಿತು. ಒಳಗೆ ಹೋಗಲು ಹೆದರಿಕೆಯಾಯಿತು.

ಬಾಗಿಲಲ್ಲಿದ್ದ ಆಯಿಯ ಕಾಲು ಮುಟ್ಟಿದೆ. ಅವಳು ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಲು ಸನ್ನೆ ಮಾಡಿದಳು. ನಾನೇ ಬಂದಿದ್ದೇನೆ ಎಂದೆ. ಅವ್ವ ಓಡಿಬಂದು ಫೋನು ನಿಲ್ಲಿಸಿದಳು. ದನಿ ನಿಂತದ್ದೇ ತಡ, ಆಯಿ ಗಾಬರಿಯಿಂದ ಒಳಕೋಣೆಯತ್ತ ತಡವರಿಸಿಕೊಂಡು ಹೊರಟಳು. ನನ್ನನ್ನು ದಾಟಿಕೊಂಡೇ ಹೋದಳು. ನೋಡಲಾಗದೆ ಅವ್ವನ ಕೈಯಿಂದ ಫೋನು ಕಸಿದು ಪಾಠವನ್ನು ಮತ್ತೆ ನಾನೇ ಹಚ್ಚಿದೆ.

ಆಯಿ ತಿರುಗಿ ಬಂದು ಕೂತಳು. ಬಾಗಿಲಲ್ಲಿ ಅಳುತ್ತ ನಿಂತವಳನ್ನು ಕಂಡು ಅವಳಿಗೆ ಮರುಕ ಬಂತು. ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು:

"ನಮ್ಮ ಹುಡುಗಿ ಓದಾಕತ್ತಾಳ್ರಿ. ಪರೀಕ್ಷಾ ಮುಗದ ಮ್ಯಾಲ ಬರ್ರಿ, ಸಿಗತಾಳ."